ಚರ್ಚ್ ಮದುವೆ: ಛತ್ರ ಬುಕ್ ಮಾಡುವ ಮುಂಚೆ ಓದಿ

ನಮ್ಮ ಚರ್ಚಿನ ಮದುವೆ ತಯಾರಿ ಶಿಬಿರದಲ್ಲಿ ಸಹಾಯಕ್ಕೆ ನಿಲ್ಲುವ ನನಗೆ ವರ್ಷವಿಡೀ ಬರುವ ಪ್ರಶ್ನೆ ಒಂದೇ. “ಛತ್ರ ಬುಕ್ ಆಗಿದೆ, ಕಾರ್ಡು ಪ್ರಿಂಟಿಗೆ ಕೊಟ್ಟಾಯ್ತು. ಚರ್ಚಲ್ಲಿ ಏನೇನು ಕೇಳ್ತಾರೆ?” ಪ್ರಶ್ನೆ ಸರಿ, ಕೇಳುವ ಹೊತ್ತು ಮಾತ್ರ ತಪ್ಪು. ಆರು ತಿಂಗಳು ಮೊದಲು ಕೇಳಿದರೆ ಇದು ಹತ್ತು ನಿಮಿಷದ ಮಾತು. ಮೂರು ವಾರ ಇರುವಾಗ ಕೇಳಿದರೆ ಊರೂರು ಸುತ್ತಾಟ, ಅಳು, ಕೊನೆಗೆ ಫಾದರ್ ಮೇಲೆ ಸಿಟ್ಟು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕರ್ನಾಟಕದ ಕಥೋಲಿಕರಿಗಾಗಿ ಬರೆದದ್ದು. ಒಂದು ಧರ್ಮಪ್ರಾಂತ್ಯಕ್ಕೂ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೂ, ಇನ್ನೊಂದಕ್ಕೂ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಅದನ್ನು ನಿಮ್ಮ ಫಾದರ್ ಹತ್ತಿರವೇ ಕೇಳಿಕೊಳ್ಳಿ.

ಕಾಗದಗಳಿಗೆ ಕೈಹಾಕುವ ಮುಂಚೆ

ಕಥೋಲಿಕ ಚರ್ಚಿನಲ್ಲಿ ಏಳು ಸಂಸ್ಕಾರಗಳಿವೆ. ವಿವಾಹ ಅವುಗಳಲ್ಲಿ ಒಂದು. ಈ ಸಂಸ್ಕಾರವನ್ನು ಕೊಡುವವರು ಯಾರು ಎಂದು ಶಿಬಿರದಲ್ಲಿ ಕೇಳಿದರೆ ಮುಕ್ಕಾಲು ಜನ “ಫಾದರ್” ಅನ್ನುತ್ತಾರೆ. ಅಲ್ಲ. ಬೆಂಗಳೂರು, ಮಂಗಳೂರು, ಮೈಸೂರು ಮುಂತಾದ ಲ್ಯಾಟಿನ್ ಪದ್ಧತಿಯ ಧರ್ಮಪ್ರಾಂತ್ಯಗಳಲ್ಲಿ ವಧು ವರರೇ ಒಬ್ಬರಿಗೊಬ್ಬರು ಈ ಸಂಸ್ಕಾರ ಕೊಡುತ್ತಾರೆ. ಇಬ್ಬರೂ ಬಾಯಿಬಿಟ್ಟು ಹೇಳುವ ಒಪ್ಪಿಗೆಯೇ ಮದುವೆ. ಫಾದರ್ ಆ ಒಪ್ಪಿಗೆಯನ್ನು ಕೇಳಿ, ಚರ್ಚಿನ ಪರವಾಗಿ ಸ್ವೀಕರಿಸುತ್ತಾರೆ.

ಹಾಗಿದ್ದರೆ ಫಾದರ್ ಯಾಕೆ, ಸಾಕ್ಷಿಗಳು ಯಾಕೆ? ಒಂದು ಕಾಲದಲ್ಲಿ ಯುರೋಪಿನಲ್ಲಿ ಹುಡುಗ ಹುಡುಗಿ ಗುಟ್ಟಾಗಿ ಮಾತು ಕೊಟ್ಟುಕೊಂಡರೂ ಅದು ಮದುವೆಯೇ ಆಗುತ್ತಿತ್ತು. ಆಮೇಲೆ ಒಬ್ಬರು “ನಾನು ಹಾಗೆ ಹೇಳೇ ಇಲ್ಲ” ಅಂದರೆ ಇನ್ನೊಬ್ಬರ ಗತಿ? ಇದಕ್ಕೆ ಕಡಿವಾಣ ಹಾಕಲು 1563ರಲ್ಲಿ ಟ್ರೆಂಟ್ ಮಹಾಸಭೆ, ಅಂದರೆ ಕಥೋಲಿಕ ಬಿಷಪ್ಪರ ದೊಡ್ಡ ಸಭೆ, ಒಂದು ನಿಯಮ ತಂದಿತು. ಗುರುಗಳು ಮತ್ತು ಸಾಕ್ಷಿಗಳ ಎದುರು ಆಗದ ಮದುವೆ ಮದುವೆಯೇ ಅಲ್ಲ ಎಂದಿತು. ಇವತ್ತು ನಿಮ್ಮಿಂದ ಕೇಳುವ ಕಾಗದಗಳ ಬೇರು ಅಲ್ಲಿದೆ. ನೀವು ಹೌದು ಅನ್ನಲು ಸ್ವತಂತ್ರರೇ? ಯಾವುದಕ್ಕೆ ಹೌದು ಅನ್ನುತ್ತಿದ್ದೀರಿ ಎಂದು ತಿಳಿದಿದೆಯೇ? ಮುಂದೆ ಬರುವ ಎಲ್ಲ ಹಂತಗಳೂ ಈ ಎರಡನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತವೆ.

1. ಮೊದಲು ಫಾದರ್, ಆಮೇಲೆ ಛತ್ರ

ಕನಿಷ್ಠ ಆರು ತಿಂಗಳು ಮೊದಲು, ಹುಡುಗ ಹುಡುಗಿ ಇಬ್ಬರೂ ಹೋಗಿ ನಿಮ್ಮ ಧರ್ಮಕೇಂದ್ರದ, ಅಂದರೆ ನೀವು ವಾಸವಿರುವ ಜಾಗದ ಚರ್ಚಿನ ಗುರುಗಳನ್ನು ಕಾಣಿ. ಅಪ್ಪ ಅಮ್ಮನನ್ನು ಕಳಿಸಿ ಕೆಲಸ ಮುಗಿಸುವುದು ಬೇಡ.

ಯಾವ ಚರ್ಚಿನಲ್ಲಿ ಮದುವೆ? ಇಬ್ಬರಲ್ಲಿ ಯಾರಾದರೊಬ್ಬರು ಕಾಯಂ ವಾಸವಿರುವ ಧರ್ಮಕೇಂದ್ರದಲ್ಲಿ, ಅಥವಾ ಒಂದು ತಿಂಗಳಾದರೂ ಉಳಿದಿರುವ ಕಡೆ ಮದುವೆ ಆಗಬಹುದು. ಬೆಂಗಳೂರಿನ ಪಿಜಿಯಲ್ಲಿ ಇರುವವರಿಗೂ ಇದು ಅನ್ವಯ. ಅದು ಬಿಟ್ಟು ಬೇರೆ ಕಡೆ, ಉದಾಹರಣೆಗೆ ಅಜ್ಜಿ ಊರಿನ ಚರ್ಚಿನಲ್ಲೋ ಹೆಸರಾದ ಪುಣ್ಯಕ್ಷೇತ್ರದಲ್ಲೋ ಆಗಬೇಕಾದರೆ ನಿಮ್ಮ ಗುರುಗಳ ಅನುಮತಿ ಪತ್ರ ಬೇಕು. ಪತ್ರ ಸಿಗುವುದು ಕಷ್ಟವಲ್ಲ. ಕೇಳುವುದನ್ನೇ ಮರೆಯುತ್ತಾರೆ, ಅಷ್ಟೇ. ಬೀಚು, ರೆಸಾರ್ಟು, ಫಾರ್ಮ್‌ಹೌಸ್ ಆಸೆ ಇದ್ದರೆ ಅದು ರಿಸೆಪ್ಷನ್ನಿಗಿರಲಿ. ಇಬ್ಬರು ಕಥೋಲಿಕರ ಮದುವೆ ಚರ್ಚಿನೊಳಗೆ ಆಗಬೇಕು ಎಂಬುದು ನಿಯಮ.

ದಿನಾಂಕದ ವಿಷಯ. ಪವಿತ್ರ ಶುಕ್ರವಾರ (ಗುಡ್ ಫ್ರೈಡೇ), ಮರುದಿನದ ಪವಿತ್ರ ಶನಿವಾರ ಮದುವೆ ಇಲ್ಲವೇ ಇಲ್ಲ. ಬೂದಿ ಬುಧವಾರದಿಂದ ಶುರುವಾಗುವ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳಲೇಬೇಕಾದರೆ ಮೊದಲು ಕೇಳಬೇಕು, ಆಡಂಬರ ಬಿಡಬೇಕು. ಆ ಕಾಲ ಪ್ರತಿ ವರ್ಷ ಬೇರೆ ದಿನಕ್ಕೆ ಬರುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ಹಾಗೆಯೇ ಒಂದು ಗುಟ್ಟು: ಆಷಾಢದಲ್ಲಿ ಛತ್ರಗಳು ಖಾಲಿ ಹೊಡೆಯುತ್ತಿರುತ್ತವೆ. ನಮಗೆ ಆಷಾಢದ ಅಡ್ಡಿ ಇಲ್ಲ, ಬಾಡಿಗೆಯಲ್ಲೂ ಚೌಕಾಸಿ ಮಾಡಬಹುದು.

ಸಂಜೆ ಮದುವೆ ಬೇಕು ಅನ್ನುವವರಿಗೆ ಇನ್ನೊಂದು ಮಾತು. ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ 1872ರ ಪ್ರಕಾರ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಮದುವೆ ಆಗಬೇಕು. ಏಳರ ಆಚೆಗೆ ಹೋಗಬೇಕಾದರೆ ಗುರುಗಳ ಬಳಿ ಬಿಷಪ್ಪರ ಪರವಾನಗಿ ಇರಬೇಕು.

2. ಕಾಗದಗಳು

ಸಾಮಾನ್ಯವಾಗಿ ಕೇಳುವುದು ಇಷ್ಟು: ಇಬ್ಬರ ಜ್ಞಾನಸ್ನಾನ (ಬ್ಯಾಪ್ಟಿಸಮ್) ಪತ್ರ, ದೃಢೀಕರಣ ಸಂಸ್ಕಾರದ (ಕನ್ಫರ್ಮೇಶನ್) ಪತ್ರ, ಮದುವೆ ತಯಾರಿ ಶಿಬಿರದ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಆಧಾರ್, ಫೋಟೊ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಚರ್ಚಿನ ಕಾನೂನಿನಲ್ಲಿ ಕನಿಷ್ಠ ವಯಸ್ಸು ಇದಕ್ಕಿಂತ ಕಡಿಮೆ ಇದೆ, ಆದರೆ ಇಲ್ಲಿ ನಡೆಯುವುದು ದೇಶದ ಕಾನೂನೇ.

ಜ್ಞಾನಸ್ನಾನ ಪತ್ರದ ಬಗ್ಗೆ ಜಾಸ್ತಿ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ ಬೀರುವಿನಲ್ಲಿ ಅಮ್ಮ ಜೋಪಾನವಾಗಿ ಇಟ್ಟಿರುವ ಹಳೆಯ ಪತ್ರ ನಡೆಯುವುದಿಲ್ಲ. ಹೊಸದಾಗಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಕೊಟ್ಟ ಪತ್ರವೇ ಬೇಕು. “ಜ್ಞಾನಸ್ನಾನ ಏನು ಎರಡು ಸಲ ಆಗಿರುತ್ತಾ?” ಎಂದು ಸಿಡುಕುವವರಿದ್ದಾರೆ. ಕಾರಣ ಬೇರೆ. ನಿಮಗೆ ಜ್ಞಾನಸ್ನಾನ ಆದ ಚರ್ಚಿನ ದಪ್ಪ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಖಾಲಿ ಜಾಗ ಬಿಟ್ಟಿರುತ್ತಾರೆ. ನೀವು ಜಗತ್ತಿನ ಯಾವ ಕಥೋಲಿಕ ಚರ್ಚಿನಲ್ಲಿ ಮದುವೆಯಾದರೂ ಸುದ್ದಿ ಅಲ್ಲಿಗೆ ಬಂದು, ಆ ಜಾಗದಲ್ಲಿ ಬರೆಯಬೇಕು. ಹೊಸ ಪತ್ರದಲ್ಲಿ ಆ ಟಿಪ್ಪಣಿ ಇಲ್ಲ ಅಂದರೆ ನಿಮಗೆ ಚರ್ಚಿನಲ್ಲಿ ಮೊದಲು ಮದುವೆ ಆಗಿಲ್ಲ ಎಂದರ್ಥ. ಹಳೇ ಪತ್ರ ಇದನ್ನು ಹೇಳಲಾರದು.

ಜ್ಞಾನಸ್ನಾನ ಕುವೈತ್‌ನಲ್ಲೋ ದುಬೈನಲ್ಲೋ ಆಗಿದ್ದರೆ ಅಲ್ಲಿಂದಲೇ ತರಿಸಬೇಕು. ಕರಾವಳಿಯ ಎಷ್ಟೋ ಮನೆಗಳಿಗೆ ಇದು ಅನ್ವಯ. ಈಗಲೇ ಮೇಲ್ ಹಾಕಿ, ಉತ್ತರಕ್ಕೆ ವಾರಗಟ್ಟಲೆ ಹಿಡಿಯಬಹುದು. ಪುಸ್ತಕವೇ ಹಾಳಾಗಿದೆ, ದಾಖಲೆ ಸಿಗುತ್ತಿಲ್ಲ ಅಂದರೆ ಗಾಬರಿ ಬೇಡ. ನಿಮಗೆ ಜ್ಞಾನಸ್ನಾನ ಆದದ್ದನ್ನು ಕಣ್ಣಾರೆ ಕಂಡ, ನಂಬಬಹುದಾದ ಒಬ್ಬರ ಹೇಳಿಕೆ ಸಾಕು ಎಂದು ಚರ್ಚಿನ ಕಾನೂನೇ ಹೇಳುತ್ತದೆ. ಜ್ಞಾನಸ್ನಾನದ ತಾಯಿತಂದೆಯರು (ಗಾಡ್‌ಪೇರೆಂಟ್ಸ್) ಬದುಕಿದ್ದರೆ ಅವರೇ ಬಂದು ಹೇಳಬಹುದು.

ವಯಸ್ಸಿಗೆ ಬಂದ ಮೇಲೆ ಊರು ಬಿಟ್ಟು ನಾಲ್ಕಾರು ವರ್ಷ ಬೇರೆ ಕಡೆ ಇದ್ದವರಿಗೆ ಅಲ್ಲಿನ ಚರ್ಚಿನಿಂದ ‘ಇವರು ಅವಿವಾಹಿತರು’ ಎಂಬ ಪತ್ರವನ್ನೂ ಕೇಳುತ್ತಾರೆ. ಸಿಗದಿದ್ದರೆ ಬದಲಿ ದಾರಿ ಇದೆ, ಗುರುಗಳನ್ನು ಕೇಳಿ.

ಇನ್ನು ಹೆಸರಿನ ಗೋಳು. ಜ್ಞಾನಸ್ನಾನದ ಪುಸ್ತಕದಲ್ಲಿ ಅಂತೋಣಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಆಂಟನಿ ರಾಜ್, ಆಧಾರ್‌ನಲ್ಲಿ ಎ. ರಾಜು. ಮನುಷ್ಯ ಒಬ್ಬನೇ. ಪಾಸ್‌ಪೋರ್ಟ್‌ನಲ್ಲಿ ಯಾವ ಹೆಸರು ಇದೆಯೋ ಅದೇ ಮದುವೆ ಪುಸ್ತಕಕ್ಕೂ ಬರಬೇಕಾದರೆ ಮೊದಲೇ ಹೇಳಿ, ಬೇಕಾದ ಅಫಿಡವಿಟ್ ಮಾಡಿಸಿಕೊಳ್ಳಿ. ಮದುವೆಯಾದ ಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಸಂಗಾತಿ ತೀರಿಕೊಂಡು ಮರುಮದುವೆ ಆಗುವವರು ಮರಣಪತ್ರ ಕೊಡಬೇಕು. ವಿಚ್ಛೇದನ ಆದವರಿಗೆ ಕೋರ್ಟಿನ ಆದೇಶ ಮಾತ್ರ ಸಾಲದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

3. ಸಂಬಂಧದ ಲೆಕ್ಕ

ನಮ್ಮ ನಾಡಿನಲ್ಲಿ ಅಕ್ಕನ ಮಗಳು, ಅತ್ತೆ ಮಗ, ಮಾವನ ಮಗಳು ಅಂದರೆ ಮದುವೆಗೆ ಸಲ್ಲುವ ಸಂಬಂಧ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ಅಂದರೆ ಅಣ್ಣತಂಗಿ. ಚರ್ಚಿನ ಕಾನೂನಿಗೆ ಈ ಭೇದ ಇಲ್ಲ. ಅದಕ್ಕೆ ರಕ್ತಸಂಬಂಧ ಎಂದರೆ ರಕ್ತಸಂಬಂಧ, ತಾಯಿ ಕಡೆಯಾದರೂ ಅಷ್ಟೇ, ತಂದೆ ಕಡೆಯಾದರೂ ಅಷ್ಟೇ.

ಲೆಕ್ಕ ಹಾಕುವುದು ಸುಲಭ. ಇಬ್ಬರಿಗೂ ಸಮಾನರಾದ ಹಿರಿಯರನ್ನು ಹುಡುಕಿ. ಹುಡುಗನಿಂದ ಅವರವರೆಗೆ ಮೇಲೆ ಹತ್ತಿ, ಹುಡುಗಿಯವರೆಗೆ ಕೆಳಗಿಳಿಯಿರಿ. ದಾರಿಯಲ್ಲಿ ಸಿಗುವವರನ್ನೆಲ್ಲ ಎಣಿಸಿ, ಆ ಹಿರಿಯರನ್ನು ಮಾತ್ರ ಬಿಡಿ. ಸೋದರಮಾವನ ಮಗಳನ್ನು ನೋಡಿ: ಹುಡುಗ, ಅವನ ಅಮ್ಮ, ಮಾವ, ಮಾವನ ಮಗಳು. ನಾಲ್ಕು. ಅಕ್ಕನ ಮಗಳು: ಹುಡುಗ, ಅಕ್ಕ, ಅಕ್ಕನ ಮಗಳು. ಮೂರು.

ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಬಂದರೆ ಮದುವೆಗೆ ಅಡ್ಡಿ. 1983ರ ಚರ್ಚ್ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನಾಲ್ಕರ ಸಂಬಂಧಕ್ಕೆ ಬಿಷಪ್ಪರಿಂದ ವಿನಾಯಿತಿ ಕೇಳಬಹುದು. ಕೇಳಿದ ಕೂಡಲೇ ಕೊಟ್ಟೇಬಿಡುತ್ತಾರೆ ಎಂದುಕೊಳ್ಳಬೇಡಿ, ತಕ್ಕ ಕಾರಣ ಬೇಕು. ಮೂರಕ್ಕೆ, ಅಂದರೆ ಅಕ್ಕನ ಮಗಳಿಗೆ, ಸಿಗುವುದು ತೀರಾ ಅಪರೂಪ. ಅದನ್ನು ನೆಚ್ಚಿಕೊಂಡು ನಿಶ್ಚಿತಾರ್ಥ ಮಾಡಬೇಡಿ. ಒಡಹುಟ್ಟಿದವರ ನಡುವೆ, ತಂದೆತಾಯಿ ಮಕ್ಕಳ ಸಾಲಿನಲ್ಲಿ ವಿನಾಯಿತಿ ಎಂಬುದೇ ಇಲ್ಲ.

ಅಮ್ಮನ ಸೋದರಮಾವನ ಮಗ ಆದರೆ? ಹುಡುಗಿ, ಅಮ್ಮ, ಅಜ್ಜಿ, ಅಜ್ಜಿಯ ತಮ್ಮ, ಅವನ ಮಗ. ಐದು. ಅಡ್ಡಿ ಇಲ್ಲ. ಆದರೂ ದೂರದ ನೆಂಟಸ್ತಿಕೆ ಇದ್ದರೆ ಮುಚ್ಚಿಡದೆ ಹೇಳಿ, ಎಣಿಸಿ ನೋಡುವುದು ಅವರ ಕೆಲಸ. ನಾಲ್ಕರೊಳಗಿನ ಸಂಬಂಧವನ್ನು ‘ಗೊತ್ತಾದರೆ ಬೇಡ ಅನ್ನುತ್ತಾರೆ’ ಎಂದು ಮುಚ್ಚಿಟ್ಟು ಆದ ಮದುವೆ ಚರ್ಚಿನ ಲೆಕ್ಕದಲ್ಲಿ ಅಮಾನ್ಯ, ಹತ್ತು ವರ್ಷ ಸಂಸಾರ ಮಾಡಿದ್ದರೂ ಅಷ್ಟೇ.

ತೀರಿಕೊಂಡ ಹೆಂಡತಿಯ ತಂಗಿಯನ್ನು ಮದುವೆಯಾಗಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಈಗಿನ ಕಾನೂನಿನಲ್ಲಿ ಅಡ್ಡಿ ಇಲ್ಲ.

4. ಸಂಗಾತಿ ಕಥೋಲಿಕರಲ್ಲದಿದ್ದರೆ

ಇಲ್ಲಿ ಎರಡು ಬಗೆ. ಬೆರೆಸಬೇಡಿ.

ಸಿಎಸ್‌ಐ ಥರದ ಬೇರೆ ಕ್ರೈಸ್ತ ಸಭೆಯವರಾದರೆ ಅವರಿಗೂ ಜ್ಞಾನಸ್ನಾನ ಆಗಿದೆ. ನಿಮಗೆ ಬೇಕಾದ್ದು ಬಿಷಪ್ಪರ ಅನುಮತಿ. ಆ ಮದುವೆ ಪೂರ್ತಿ ಸಂಸ್ಕಾರವೇ. ಅವರ ಸಭೆಯಿಂದ ಜ್ಞಾನಸ್ನಾನ ಪತ್ರ ತನ್ನಿ, ಅವರು ಅದನ್ನು ದೀಕ್ಷಾಸ್ನಾನ ಎಂದು ಕರೆಯಬಹುದು. ಸಣ್ಣ ಪ್ರಾರ್ಥನಾ ಗುಂಪುಗಳಾದರೆ ನೀರು ಮತ್ತು ‘ಪಿತ, ಸುತ, ಪವಿತ್ರಾತ್ಮ’ರ ಹೆಸರು ಎರಡೂ ಬಳಕೆಯಾಗಿತ್ತೇ ಎಂದು ಗುರುಗಳು ವಿಚಾರಿಸುತ್ತಾರೆ.

ಹಿಂದೂ, ಮುಸ್ಲಿಂ, ಜೈನ, ಯಾವುದೇ ಧರ್ಮ ಇಲ್ಲದವರು, ಅಂದರೆ ಜ್ಞಾನಸ್ನಾನ ಆಗದವರಾದರೆ ಅದು ಕಾನೂನಿನ ಅಡ್ಡಿ. ಬಿಷಪ್ಪರ ವಿನಾಯಿತಿ ಸಿಗದೆ ಆದ ಮದುವೆ ಅಮಾನ್ಯ. ವಿನಾಯಿತಿ ಸಿಕ್ಕರೆ ಮದುವೆ ಪೂರ್ತಿ ಮಾನ್ಯ. ಆದರೆ ಇಬ್ಬರಲ್ಲಿ ಒಬ್ಬರಿಗೆ ಜ್ಞಾನಸ್ನಾನ ಆಗಿಲ್ಲದ ಕಾರಣ ಸಂಸ್ಕಾರ ಅಲ್ಲ. ಇದನ್ನು ಕೇಳಿ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಎರಡನೇ ದರ್ಜೆಯ ಮದುವೆ ಎಂದು ಇದರರ್ಥ ಅಲ್ಲ. ಮುಂದೆ ಎಂದಾದರೂ ಅವರು ತಾವಾಗಿ ಜ್ಞಾನಸ್ನಾನ ಪಡೆದರೆ ಅದೇ ಮದುವೆ ಸಂಸ್ಕಾರ ಆಗುತ್ತದೆ, ಮತ್ತೊಮ್ಮೆ ಮದುವೆ ಬೇಕಿಲ್ಲ.

ಹಾಗಾಗಿ, ಮದುವೆ ಆಗಲಿ ಎಂಬ ಒಂದೇ ಕಾರಣಕ್ಕೆ ಹುಡುಗಿಗೋ ಹುಡುಗನಿಗೋ ಜ್ಞಾನಸ್ನಾನ ಕೊಡಿಸಲು ಓಡಬೇಡಿ. ಮತಾಂತರ ಇಲ್ಲದೆಯೂ ಮದುವೆ ಸಾಧ್ಯ. ಒತ್ತಾಯದ ಜ್ಞಾನಸ್ನಾನದಿಂದ ಯಾರಿಗೂ ಒಳ್ಳೆಯದಾಗಿದ್ದನ್ನು ನಾನು ಕಂಡಿಲ್ಲ.

ಕಥೋಲಿಕರು ಮಾತ್ರ ಒಂದು ಮಾತು ಕೊಡಬೇಕು: ನನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿ ಕಥೋಲಿಕರಾಗಿ ಬೆಳೆಸಲು ನನ್ನಿಂದ ಆಗುವುದನ್ನೆಲ್ಲ ಮಾಡುತ್ತೇನೆ. ಸಂಗಾತಿ ಇಂಥ ಮಾತು ಕೊಡಬೇಕಿಲ್ಲ. ಆದರೆ ನೀವು ಮಾತು ಕೊಟ್ಟಿದ್ದೀರಿ ಎಂಬುದು ಅವರಿಗೆ ಗೊತ್ತಿರಬೇಕು. ಈ ಮಾತನ್ನು ಆಫೀಸಿನಲ್ಲಿ ಫಾರಂ ತುಂಬುವಾಗ ಮೊದಲ ಬಾರಿಗೆ ಕೇಳಿ ಬೆಚ್ಚಿಬಿದ್ದ ಸಂಗಾತಿಗಳಿದ್ದಾರೆ. ಮನೆಯಲ್ಲೇ ಮಾತಾಡಿಕೊಂಡು ಬನ್ನಿ.

ಈಗ ಎಲ್ಲರೂ ಕೇಳಲು ಹಿಂಜರಿಯುವ ವಿಷಯ. ಬೆಳಿಗ್ಗೆ ಚರ್ಚ್, ಮಧ್ಯಾಹ್ನ ಛತ್ರದಲ್ಲಿ ಧಾರೆ, ಎರಡೂ ಮಾಡಬಹುದಾ? ಮಾಡುವಂತಿಲ್ಲ. ಒಂದೇ ಮದುವೆಗೆ ಎರಡು ಧಾರ್ಮಿಕ ವಿಧಿಗಳಲ್ಲಿ ಒಪ್ಪಿಗೆ ಕೊಡುವುದನ್ನು ಚರ್ಚಿನ ಕಾನೂನು ನಿಷೇಧಿಸುತ್ತದೆ, ಮೊದಲಾದರೂ ಸರಿ, ಆಮೇಲಾದರೂ ಸರಿ. ಹುಡುಗಿ ಮನೆಯವರಿಗೆ ಧಾರೆ ಎರೆಯದೆ ಮಗಳನ್ನು ಕೊಟ್ಟಂತೆ ಅನಿಸುವುದಿಲ್ಲ, ಆ ಸಂಕಟ ನನಗೆ ಅರ್ಥವಾಗುತ್ತದೆ. ಆರತಿ, ಅರಿಶಿನ, ಮನೆ ತುಂಬಿಸಿಕೊಳ್ಳುವುದು ಇಂಥ ಶಾಸ್ತ್ರಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು ಎಂದು ಗುರುಗಳ ಜೊತೆ ಮೊದಲೇ ಕೂತು ಮಾತಾಡಿ. ಹೇಳದೆ ಮಾಡಿ, ಫೋಟೊ ಹರಿದಾಡಿ, ಆಮೇಲೆ ಮುಖ ಮುಖ ನೋಡುವುದಕ್ಕಿಂತ ಅದು ವಾಸಿ.

ಬೆಂಗಳೂರಿನಲ್ಲಿ ಇನ್ನೊಂದು ಜೋಡಿ ಮಾಮೂಲಿ: ಒಬ್ಬರು ಲ್ಯಾಟಿನ್, ಒಬ್ಬರು ಸಿರೋ ಮಲಬಾರ್, ಅಂದರೆ ಕೇರಳ ಮೂಲದ ಪೂರ್ವ ಪದ್ಧತಿಯವರು. ಇಬ್ಬರೂ ಕಥೋಲಿಕರೇ, ವಿನಾಯಿತಿ ಬೇಕಿಲ್ಲ. ಆದರೆ ಪೂರ್ವ ಪದ್ಧತಿಯ ಚರ್ಚುಗಳಲ್ಲಿ ಗುರುಗಳ ಆಶೀರ್ವಾದ ಇಲ್ಲದೆ ಮದುವೆಯೇ ಆಗದು. ಹಾಗಾಗಿ ಇಂಥ ಮದುವೆಯನ್ನು ಡೀಕನ್, ಅಂದರೆ ಗುರುದೀಕ್ಷೆಗೆ ಒಂದು ಮೆಟ್ಟಿಲು ಕೆಳಗಿರುವ ಸೇವಕರು, ನಡೆಸಿಕೊಡುವಂತಿಲ್ಲ. 2016ರಲ್ಲಿ ಪೋಪ್ ಫ್ರಾನ್ಸಿಸ್ ಇದನ್ನು ಲ್ಯಾಟಿನ್ ಕಾನೂನಿನಲ್ಲೂ ಬರೆಸಿದರು. ಗೆಳೆಯನೊಬ್ಬ ಈಗಷ್ಟೇ ಡೀಕನ್ ಆಗಿದ್ದಾನೆ, ಅವನೇ ಮಾಡಲಿ ಎಂದುಕೊಂಡಿದ್ದರೆ ಬಿಟ್ಟುಬಿಡಿ.

5. ಶಿಬಿರ

ಎರಡು ಮೂರು ದಿನದ ತಯಾರಿ ಶಿಬಿರ ಕಡ್ಡಾಯ. ರಜೆ ಸಿಗಲ್ಲ, ಪ್ರಮಾಣಪತ್ರ ಮಾತ್ರ ಕೊಟ್ಟುಬಿಡಿ ಎಂದು ಕೇಳುವವರ ಸಾಲೇ ಇದೆ. ದಯವಿಟ್ಟು ಬನ್ನಿ. ಸಂಬಳ ಯಾರ ಕೈಗೆ, ಅತ್ತೆ ಮಾವನ ಜೊತೆ ಇರುವುದೋ ಬೇರೆಯೋ, ಸಾಲ ಎಷ್ಟಿದೆ, ಮಕ್ಕಳು ಯಾವಾಗ, ಇವನ್ನೆಲ್ಲ ಎದುರು ಕೂತು ಮೊದಲ ಸಲ ಮಾತಾಡುವ ಜೋಡಿಗಳು ಎಷ್ಟೋ. ಸೀಟು ಸೀಮಿತ, ಬೇಗ ಹೆಸರು ಬರೆಸಿ. ಬೇರೆ ಊರಿನ ಶಿಬಿರದ ಪ್ರಮಾಣಪತ್ರ ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

6. ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಪ್ರಶ್ನೆಗಳು

ಇದು ಅತಿ ಮುಖ್ಯ ಹಂತ. ಹೆಚ್ಚಿನವರು ಸುಮ್ನೆ ಸಹಿ ಹಾಕುವ ಕೆಲಸ ಎಂದುಕೊಳ್ಳುವುದೂ ಇದನ್ನೇ.

ಗುರುಗಳು ಹುಡುಗನನ್ನು ಬೇರೆ, ಹುಡುಗಿಯನ್ನು ಬೇರೆ ಕೂರಿಸಿ ಮಾತಾಡುತ್ತಾರೆ. ದೇವರ ಹೆಸರಿನಲ್ಲಿ ನಿಜ ಹೇಳುತ್ತೇನೆ ಎಂದು ಮಾತು ಕೊಡಬೇಕು. ಯಾರಾದರೂ ಒತ್ತಾಯ ಮಾಡಿದ್ದಾರಾ? ಸಾಯುವವರೆಗೂ ಜೊತೆಗಿರುವ ಮನಸ್ಸಿದೆಯಾ? ಮಕ್ಕಳು ಬೇಡವೇ ಬೇಡ ಎಂದೇನಾದರೂ ತೀರ್ಮಾನ ಮಾಡಿದ್ದೀರಾ? ಒಬ್ಬರಿಗೊಬ್ಬರು ಏನನ್ನಾದರೂ ಮುಚ್ಚಿಟ್ಟಿದ್ದೀರಾ? ‘ವಿದೇಶಕ್ಕೆ ಹೋದರೆ ಮಾತ್ರ’ ಎಂಬಂಥ ಷರತ್ತು ಇದೆಯಾ?

ಪ್ರಶ್ನೆಗಳು ಸುಮ್ಮನೆ ಬಂದವಲ್ಲ. ಹೆದರಿಸಿ ಪಡೆದ ಒಪ್ಪಿಗೆ, ದೊಡ್ಡ ವಿಷಯ ಮುಚ್ಚಿಟ್ಟು ಮೋಸದಿಂದ ಪಡೆದ ಒಪ್ಪಿಗೆ, ‘ಸರಿಹೋಗದಿದ್ದರೆ ಬಿಟ್ಟರಾಯಿತು’ ಎಂದು ಒಳಗೊಳಗೇ ಇಟ್ಟುಕೊಂಡು ಕೊಟ್ಟ ಒಪ್ಪಿಗೆ, ಇವು ಯಾವುದೂ ಚರ್ಚಿನ ಕಾನೂನಿನಲ್ಲಿ ಮದುವೆಯಾಗಿ ನಿಲ್ಲುವುದಿಲ್ಲ. ಹಾಗಾಗಿ ನಿಜವನ್ನೇ ಹೇಳಿ. ‘ಅಪ್ಪನ ಕಾಟಕ್ಕೆ ಒಪ್ಪಿಕೊಂಡೆ’ ಎಂದು ಹೇಳಬೇಕಾದ ಜಾಗ ಇದೇ. ಜಾತಿ ನೋಡಿ ಮಗಳನ್ನು ಒಪ್ಪಿಸುವ ಕೆಲಸ ನಮ್ಮಲ್ಲೂ ನಡೆಯುತ್ತದೆ, ಅಲ್ವಾ? ಆ ಕೋಣೆಯಲ್ಲಿ ಅಪ್ಪ ಇರುವುದಿಲ್ಲ. ಅದಕ್ಕೇ ನಿಮ್ಮನ್ನು ಒಬ್ಬರೇ ಕೂರಿಸುವುದು.

ಸಂಗಾತಿಗೆ ಗೊತ್ತಿರಬೇಕಾದ ಕಾಯಿಲೆ, ಸಾಲ, ಹಳೆಯ ರಿಜಿಸ್ಟರ್ ಮದುವೆ ಏನಿದ್ದರೂ ಈ ದಿನಕ್ಕೆ ಮುಂಚೆ ನೀವೇ ಹೇಳಿಬಿಡಿ. ವರದಕ್ಷಿಣೆ ಮಾತುಕತೆ ನಡೆಯುತ್ತಿದ್ದರೆ ಅದನ್ನೂ ಗುರುಗಳಿಗೆ ಹೇಳಿ. 1961ರಿಂದಲೂ ಅದು ಅಪರಾಧ.

7. ಪ್ರಕಟಣೆ

ಎರಡೂ ಕಡೆಯ ಚರ್ಚುಗಳಲ್ಲಿ, ಸಾಮಾನ್ಯವಾಗಿ ಮೂರು ಭಾನುವಾರ, ಬಲಿಪೂಜೆಯ (ಮಾಸ್) ಹೊತ್ತಿಗೆ ನಿಮ್ಮ ಹೆಸರು ಓದುತ್ತಾರೆ. ಈ ಮದುವೆಗೆ ಕಾನೂನಿನ ಅಡ್ಡಿ ಇದ್ದರೆ ಗೊತ್ತಿದ್ದವರು ಬಂದು ಹೇಳಬೇಕು. ಸಂಬಂಧ ಕಂಡರಾಗದವರ ಚಾಡಿಗೆ ಇಲ್ಲಿ ಬೆಲೆಯಿಲ್ಲ. ಇನ್ನೊಂದು ಕಡೆಯಿಂದ ‘ಪ್ರಕಟಣೆ ಆಯಿತು, ತಕರಾರಿಲ್ಲ’ ಎಂಬ ಪತ್ರ ಮದುವೆ ನಡೆಯುವ ಚರ್ಚಿಗೆ ಬಂದು ತಲುಪಿದೆಯೇ ಎಂದು ನೀವೇ ವಿಚಾರಿಸಿ. ಮದುವೆಯ ಹಿಂದಿನ ದಿನ ಈ ಪತ್ರಕ್ಕಾಗಿ ಪರದಾಡುವುದು ಮಾಮೂಲಿ.

8. ಮದುವೆಯ ದಿನ

ಒಂದೆರಡು ದಿನ ಮೊದಲು ಪಾಪನಿವೇದನೆ ಮಾಡಿ. ಹಿಂದಿನ ದಿನ ರೋಸ್, ಅರಿಶಿನ, ನೆಂಟರು ಎಂದು ಸಮಯ ಸಿಗುವುದಿಲ್ಲ. ರೋಸ್ ಗೊತ್ತಿಲ್ಲದವರಿಗೆ: ಮಂಗಳೂರು ಕಡೆ ಮದುವೆ ಮುನ್ನಾದಿನ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು.

ಇಬ್ಬರು ಸಾಕ್ಷಿಗಳು ಬೇಕು. ಕೇವಲ ಫೋಟೊಕ್ಕೆ ನಿಲ್ಲುವವರಲ್ಲ, ನೀವು ಒಪ್ಪಿಗೆ ಹೇಳಿದ್ದನ್ನು ಕೇಳಿ, ನಾಳೆ ಬೇಕಾದರೆ ಹೌದು ಎಂದು ಹೇಳಬಲ್ಲ ವಯಸ್ಕರು. ಕೊನೆ ಗಳಿಗೆಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಗೆಳೆಯನನ್ನು ಹಾಕಿಕೊಳ್ಳಬೇಡಿ.

ಇಬ್ಬರೂ ಕಥೋಲಿಕರಾದರೆ ಮದುವೆ ಬಲಿಪೂಜೆಯ ನಡುವೆ ನಡೆಯುತ್ತದೆ. ಶುಭಸಂದೇಶದ (ಬೈಬಲ್) ವಾಚನ, ಪ್ರವಚನ ಆದ ಮೇಲೆ ಮೂರು ಪ್ರಶ್ನೆ: ಸ್ವಂತ ಇಚ್ಛೆಯಿಂದ ಬಂದಿದ್ದೀರಾ, ಬದುಕಿನುದ್ದಕ್ಕೂ ಪ್ರೀತಿಸಿ ಗೌರವಿಸುತ್ತೀರಾ, ಮಕ್ಕಳನ್ನು ದೇವರ ಕೊಡುಗೆ ಎಂದು ಸ್ವೀಕರಿಸುತ್ತೀರಾ. ಆಮೇಲೆ ಬಲಗೈ ಹಿಡಿದು ಒಪ್ಪಿಗೆಯ ಮಾತು. ಮದುವೆ ಆಗುವುದು ಆ ಗಳಿಗೆಯಲ್ಲಿ. ಉಂಗುರ, ಶಿಲುಬೆಯ ತಾಳಿ ಎಲ್ಲ ಅದರ ನಂತರ. ನಮ್ಮ ನೆಂಟರೆಲ್ಲ ತಾಳಿಗೆ ಕಾದು ಕೂತಿರುತ್ತಾರೆ, ಫೋಟೊದವರೂ ಅಷ್ಟೇ. ಅಸಲು ಗಳಿಗೆ ಕಳೆದುಹೋಗಿರುತ್ತದೆ! ಹಾಗಾಗಿ ಒಪ್ಪಿಗೆಯ ಮಾತನ್ನು ಗೊಣಗಬೇಡಿ. ಮೈಕ್ ಆನ್ ಇರಲಿ. ಹಿಂದಿನ ದಿನ ಒಮ್ಮೆ ಓದಿ ಅಭ್ಯಾಸ ಮಾಡಿ.

ಭಾಷೆಯ ವಿಷಯ ಚಿಕ್ಕದಲ್ಲ. ಹುಡುಗನದು ಕನ್ನಡ, ಹುಡುಗಿಯದು ಕೊಂಕಣಿ ಅಥವಾ ತಮಿಳು. ಅರ್ಥವಾಗದ ಭಾಷೆಯಲ್ಲಿ ಗಿಣಿಪಾಠ ಒಪ್ಪಿಸುವುದಕ್ಕಿಂತ ಒಬ್ಬೊಬ್ಬರೂ ತಮ್ಮ ಭಾಷೆಯಲ್ಲೇ ಹೇಳಲಿ. ಕೇಳಿದರೆ ಗುರುಗಳು ಒಪ್ಪುತ್ತಾರೆ.

ಕಥೋಲಿಕರಲ್ಲದ ನೆಂಟರಿಗೆ ಪರಮಪ್ರಸಾದದ (ಕಮ್ಯುನಿಯನ್) ಸಾಲಿಗೆ ಬರುವುದು ಬೇಡ, ಕೂತಲ್ಲೇ ಇರಿ ಎಂದು ಮೊದಲೇ ಪ್ರೀತಿಯಿಂದ ಹೇಳಿಡಿ. ಪಾಪ, ದೇವಸ್ಥಾನದ ಪ್ರಸಾದ ಎಂದು ಭಾವಿಸಿ ಕೈ ಚಾಚುತ್ತಾರೆ. ಸಂಗಾತಿಗೆ ಜ್ಞಾನಸ್ನಾನ ಆಗಿಲ್ಲದಿದ್ದರೆ ಬಲಿಪೂಜೆ ಇಲ್ಲದೆ, ವಾಚನ ಮತ್ತು ಪ್ರಾರ್ಥನೆಗಳ ಜೊತೆ ವಿಧಿ ನಡೆಯುತ್ತದೆ.

ಸಿನಿಮಾ ಹಾಡು, ಡ್ರೋನ್, ಬಲಿಪೀಠದ ಮೇಲೆ ಹೂವಿನ ರಾಶಿ: ಎಲ್ಲಕ್ಕೂ ಮೊದಲೇ ಕೇಳಿ. ಕಾಣಿಕೆ ಎಷ್ಟು ಎಂಬುದು ನಿಗದಿಯಾಗಿರುತ್ತದೆ. ಕೊಡಲು ನಿಜಕ್ಕೂ ಆಗದಿದ್ದರೆ ಹೇಳಿ. ಹಣ ಇಲ್ಲ ಎಂಬ ಕಾರಣಕ್ಕೆ ಬಡವರಿಗೆ ಸಂಸ್ಕಾರ ತಪ್ಪಬಾರದು ಎಂದು ಕಾನೂನಿನಲ್ಲೇ ಇದೆ.

9. ಮೊದಲೇ ಏನೋ ಆಗಿಹೋಗಿದ್ದರೆ

ಎರಡು ಸಂದರ್ಭ ಪದೇ ಪದೇ ಬರುತ್ತವೆ.

ಒಂದು, ರಿಜಿಸ್ಟರ್ ಆಫೀಸಿನಲ್ಲೋ ದೇವಸ್ಥಾನದಲ್ಲೋ ಈಗಾಗಲೇ ಮದುವೆ ಆಗಿದೆ, ಚರ್ಚಿನಲ್ಲಿ ಆಗಿಲ್ಲ. ವಿನಾಯಿತಿ ಪಡೆಯದೆ ಹಾಗೆ ಆದ ಕಥೋಲಿಕರ ಮದುವೆ, ಸರ್ಕಾರದಲ್ಲಿ ರಿಜಿಸ್ಟರ್ ಆಗಿದ್ದರೂ, ಚರ್ಚಿನ ಕಣ್ಣಿಗೆ ಮದುವೆ ಅಲ್ಲ. ಸರಿಪಡಿಸುವ ದಾರಿ ಇದೆ. ಇಬ್ಬರೂ ಸ್ವತಂತ್ರರಾಗಿದ್ದರೆ ಗುರುಗಳು, ಇಬ್ಬರು ಸಾಕ್ಷಿಗಳ ಎದುರು ಹೊಸದಾಗಿ ಒಪ್ಪಿಗೆ ಕೊಡುವುದು. ಸಣ್ಣದಾಗಿ, ಸದ್ದಿಲ್ಲದೆ ಮಾಡಬಹುದು. ಮಕ್ಕಳಾಗಿದ್ದಾರೆ ಎಂದು ನಾಚಿಕೆಪಟ್ಟು ದೂರ ಉಳಿಯಬೇಡಿ.

ಇನ್ನೊಂದು, ವಿಚ್ಛೇದನ. ಕೋರ್ಟು ಕೊಟ್ಟ ವಿಚ್ಛೇದನದಿಂದ ಚರ್ಚಿನ ಬಂಧ ಬಿಡುವುದಿಲ್ಲ. ಧರ್ಮಪ್ರಾಂತ್ಯದ ನ್ಯಾಯಪೀಠ ಆ ಮದುವೆ ಮೊದಲಿನಿಂದಲೇ ಅಮಾನ್ಯವಾಗಿತ್ತು ಎಂದು ವಿಚಾರಣೆ ಮಾಡಿ ಘೋಷಿಸಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಧಾನವನ್ನು ಸರಳ ಮಾಡಿದರು. ಮೊದಲು ಎರಡು ನ್ಯಾಯಪೀಠಗಳ ತೀರ್ಪು ಹೊಂದಬೇಕಿತ್ತು, ಈಗ ಒಂದೇ ಸಾಕು. ತಿರುಗಾಮುರುಗಾ ಲೆಕ್ಕವೂ ಅಷ್ಟೇ: ನ್ಯಾಯಪೀಠದ ಘೋಷಣೆಯಿಂದ ಸರ್ಕಾರಿ ವಿಚ್ಛೇದನ ಆಗುವುದಿಲ್ಲ. ಸುಪ್ರೀಂ ಕೋರ್ಟ್ 1996ರಲ್ಲೂ 2017ರಲ್ಲೂ ಇದನ್ನು ಹೇಳಿದೆ. ಎರಡೂ ಬೇಕು.

ಯಾರೂ ಹೇಳಿಕೊಡದ ಒಂದು ಗುಂಡಿ ಇದೆ. ನೀವು ಮೊದಲ ಮದುವೆ ಆಗುತ್ತಿರುವ ಕಥೋಲಿಕರು. ಸಂಗಾತಿ ವಿಚ್ಛೇದನ ಪಡೆದ ಹಿಂದೂ. ‘ಅವರ ಮದುವೆ ಚರ್ಚಿನಲ್ಲಿ ಆಗಿಲ್ಲವಲ್ಲ’ ಎಂದು ನೀವು ನಿರಾಳ. ಆದರೆ ಹಿಂದೂಗಳ ಮದುವೆಯನ್ನೂ ಚರ್ಚು ನಿಜವಾದ ಮದುವೆ ಎಂದೇ ಮೊದಲು ಎಣಿಸುತ್ತದೆ. ಹಾಗಾಗಿ ಆ ಮೊದಲ ಮದುವೆಯ ವಿಚಾರಣೆ ಆಗದೆ ಇಲ್ಲಿ ಮುಂದುವರಿಯುವಂತಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು. ಈ ಮಾತನ್ನು ಫಾದರ್ ಹತ್ತಿರ ಮೊದಲ ಭೇಟಿಯಲ್ಲೇ ಹೇಳಿ.

ಹಾಗೆಯೇ, ವಿಚ್ಛೇದನ ಆದವರಿಗೆ ಪರಮಪ್ರಸಾದ ಇಲ್ಲ ಎಂಬುದು ತಪ್ಪು ನಂಬಿಕೆ. ವಿಚ್ಛೇದನ ಆಗಿ ಒಬ್ಬರೇ ಬದುಕುತ್ತಿರುವವರಿಗೆ ಅದೊಂದೇ ಕಾರಣಕ್ಕೆ ಯಾವ ತಡೆಯೂ ಇಲ್ಲ. ಎಷ್ಟೋ ಹೆಂಗಸರು ಈ ತಪ್ಪು ತಿಳಿವಳಿಕೆಯಿಂದ ವರ್ಷಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ.

10. ಮದುವೆ ಆದ ಮೇಲೆ

ಚರ್ಚಿನ ಪುಸ್ತಕದಲ್ಲಿ ನೀವಿಬ್ಬರು, ಸಾಕ್ಷಿಗಳು, ಗುರುಗಳು ಸಹಿ ಹಾಕುತ್ತೀರಿ. ಹೂಮಾಲೆ, ಫೋಟೊ ಗಡಿಬಿಡಿಯಲ್ಲೂ ಸಹಿಗೆ ಮುಂಚೆ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಒಮ್ಮೆ ಓದಿ. 1872ರ ಕಾಯ್ದೆ ಈ ನೋಂದಣಿಯನ್ನು ಒಪ್ಪುತ್ತದೆ. ಚರ್ಚಿನ ಕಡೆಯಿಂದ ಅದರ ವಿವರ ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಹೋಗಬೇಕು. ಪಾಸ್‌ಪೋರ್ಟ್, ವೀಸಾ ಕೆಲಸ ಇರುವವರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನೋಂದಣಿ ಮಾಡಿಸಿಟ್ಟುಕೊಳ್ಳಿ.

ಕೊನೆಯ ಕೆಲಸ ಒಂದು ಉಳಿದಿದೆ, ಇದನ್ನು ಹತ್ತರಲ್ಲಿ ಒಂಬತ್ತು ಜನ ಮರೆಯುತ್ತಾರೆ. ಮದುವೆಯಾದ ಚರ್ಚಿನವರು ನಿಮ್ಮಿಬ್ಬರ ಜ್ಞಾನಸ್ನಾನದ ಚರ್ಚುಗಳಿಗೆ ಸುದ್ದಿ ಕಳಿಸಬೇಕು. ಕಳಿಸಿದರೇ ಎಂದು ಒಂದೆರಡು ತಿಂಗಳ ನಂತರ ಕೇಳಿ. ಮುಂದಿನ ಸಲ ಊರಿಗೆ ಹೋದಾಗ ಆ ಹಳೇ ಪುಸ್ತಕ ತೆಗೆಸಿ ನೋಡಿ. ನಿಮ್ಮ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಮದುವೆಯ ದಿನಾಂಕ, ಸಂಗಾತಿಯ ಹೆಸರು ಬಂದಿರಬೇಕು. ಬಂದಿಲ್ಲದಿದ್ದರೆ ಮದುವೆ ಪತ್ರ ತೋರಿಸಿ ಅಲ್ಲೇ ಬರೆಸಿಕೊಂಡು ಬನ್ನಿ.